ಪಾಕ ಬಿದ್ದ ಕೈ

ಆ ಬೀದಿಯಲ್ಲಿ ಯಾರ ಕೈ ಸುಟ್ಟರೂ ಮೊದಲು ಓಡಿಬರುತ್ತಿದ್ದದ್ದು ಮಿಠಾಯಿ ಮನೆಗೆ. ಇಸ್ತ್ರಿಪೆಟ್ಟಿಗೆ ತಾಗಿಸಿಕೊಂಡವರು, ಉಕ್ಕಿದ ಹಾಲನ್ನು ಬೆರಳ ಮೇಲೆ ಚೆಲ್ಲಿಕೊಂಡವರು, ಬೈಕಿನ ಸೈಲೆನ್ಸರ್‌ಗೆ ಕಾಲು ಒತ್ತಿಕೊಂಡವರು, ಎಲ್ಲರಿಗೂ ಆ ಮನೆಯ ಹಿರಿಯಾಕೆ ಬಿಳಿ ಡಬ್ಬಿಯೊಂದರಿಂದ ಮುಲಾಮು ತೆಗೆದು ಹಚ್ಚಿ ಕಳಿಸುತ್ತಿದ್ದರು. ಎಣ್ಣೆ, ಜೇನುಮೇಣ, ಜೊತೆಗೆ ಯಾರಿಗೂ ಬಾಯಿಬಿಡದ ಒಂದು ಸೊಪ್ಪಿನ ರಸ. ಹಚ್ಚಿಸಿಕೊಂಡವರ ಗಾಯ ನಾಲ್ಕಾರು ದಿನದಲ್ಲಿ ಮಾಯುತ್ತಿತ್ತು. ಅಂಥ ಸಣ್ಣ ಗಾಯಗಳು ಏನೂ ಹಚ್ಚದಿದ್ದರೂ ಮಾಯುತ್ತಿದ್ದವೇನೋ, ಆದರೆ ಹಾಗೆಂದು ಅವರೆದುರು ಹೇಳುವ ಎದೆಗಾರಿಕೆ ಯಾರಿಗಿತ್ತು? ಬೀದಿಯವರ ಬಾಯಲ್ಲಿ ಅವರು ಮುಲಾಮಿನಮ್ಮ. ಡಬ್ಬಿಯ ಮುಚ್ಚಳ ಹಾಕುತ್ತಾ ಅವರು ಪ್ರತಿಯೊಬ್ಬರಿಗೂ ತಪ್ಪದೆ ಹೇಳುತ್ತಿದ್ದ ಮಾತು ಒಂದೇ: "ನೀರು ಮಾತ್ರ ಸೋಕಿಸ್ಬೇಡ. ಸುಟ್ಟ ಜಾಗಕ್ಕೆ ನೀರು ಬಿತ್ತೋ, ಬೊಬ್ಬೆ ಎದ್ದಿತು ಅಂತಲೇ ಲೆಕ್ಕ."

ಅವರ ಸೊಸೆ ಈ ಮಾತನ್ನು ಕೇಳಿ ಕೇಳಿ ತಲೆಯಾಡಿಸಿದವಳು. ಮದುವೆಗೆ ಮುಂಚೆ ಅವಳು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗಂಡ ಲಾರಿ ಚಾಲಕ, ಅರ್ಧ ತಿಂಗಳು ರಸ್ತೆಯ ಮೇಲೆಯೇ ಇರುವವನು. ಹಾಗಾಗಿ ಅವಳ ಸಂಸಾರವೆಂದರೆ ಹೆಚ್ಚುಕಡಿಮೆ ಅತ್ತೆಯ ಜೊತೆಗಿನ ಸಂಸಾರವೇ. ಅತ್ತೆ ಜಗಳಗಂಟಿಯಲ್ಲ, ಆದರೆ ಅವರ ಮಾತಿಗೆ ಎದುರಿಲ್ಲ. ಮನೆಯಲ್ಲೇ ಸಕ್ಕರೆ ಮಿಠಾಯಿ ಮಾಡಿ ಅಂಗಡಿಗಳಿಗೆ ಕೊಡುವ ಕೆಲಸದಲ್ಲಿ ಪಾಕದ ಹದವನ್ನು ಅವರೇ ನೋಡಬೇಕು, ಪಾಕ ಹೊಯ್ಯುವ ಕಲ್ಲುಹಾಸಿಗೆ ಎಣ್ಣೆಯನ್ನು ಅವರೇ ಸವರಬೇಕು. ಸೊಸೆಗೆ ಉಳಿಯುತ್ತಿದ್ದದ್ದು ಭಾರ ಎತ್ತುವುದು, ಕತ್ತರಿಸುವುದು, ಬಣ್ಣದ ಕಾಗದ ಸುತ್ತುವುದು. ನಾಲ್ಕು ಮನೆ ಆಚೆ ಇದ್ದ ನಾದಿನಿ ದಿನಕ್ಕೆರಡು ಸಲ ಬಂದು, ಅಮ್ಮನನ್ನು ಅತ್ತಿಗೆ ಸರಿಯಾಗಿ ನೋಡಿಕೊಳ್ಳುತ್ತಿದ್ದಾಳೋ ಇಲ್ಲವೋ ಎಂದು ಕಣ್ಣಲ್ಲೇ ತೂಗಿ ಹೋಗುತ್ತಿದ್ದಳು.

ಅವತ್ತು ಬೆಳಿಗ್ಗೆ ದೊಡ್ಡ ಬಾಣಲೆ ಒಲೆಯ ಮೇಲಿತ್ತು. ತಾಮ್ರದ ಹಳೇ ಬಾಣಲೆ, ಎರಡು ಕಡೆಯೂ ಹಿಡಿ. ಅದರಲ್ಲಿ ಒಂದು ಹಿಡಿಯ ಮೊಳೆ ಸಡಿಲವಾಗಿ ಬಹಳ ಕಾಲವಾಗಿತ್ತು. ಬೆಸುಗೆ ಹಾಕಿಸೋಣ ಎಂದು ಸೊಸೆ ಹೇಳಿದಾಗಲೆಲ್ಲ ಅತ್ತೆ, "ನೀನು ಹುಟ್ಟೋಕೆ ಮುಂಚೆಯಿಂದ ಇದ್ದ ಬಾಣಲೆ ಕಣೇ ಅದು," ಎಂದು ಒಂದು ಸುತ್ತು ತಂತಿ ಬಿಗಿದು ಸುಮ್ಮನಾಗುತ್ತಿದ್ದರು. ಒಲೆಯ ಪಕ್ಕದ ಬಟ್ಟಲಲ್ಲಿ ತಣ್ಣೀರು. ಅತ್ತೆ ಸೌಟಿನ ತುದಿಯಿಂದ ಒಂದು ತೊಟ್ಟು ಪಾಕವನ್ನು ಅದಕ್ಕೆ ಬಿಟ್ಟರು. ತೊಟ್ಟು ತಳ ಸೇರುವಷ್ಟರಲ್ಲಿ ಗಾಜಿನ ಮಣಿಯಂತೆ ಗಟ್ಟಿಯಾಯಿತು. ಬೆರಳಲ್ಲಿ ಎತ್ತಿ ಹಲ್ಲಲ್ಲಿ ಕಡಿದರು. ಟಕ್ ಎಂದಿತು.

"ಬಂತು ಹದ. ಎತ್ತು."

ಇಬ್ಬರೂ ಮಡಿಸಿದ ಬಟ್ಟೆ ಹಿಡಿದು ಬಾಣಲೆ ಎತ್ತಿದರು. ಒಲೆಗೂ ಕಲ್ಲುಹಾಸಿಗೂ ನಡುವೆ ಎರಡೇ ಹೆಜ್ಜೆ. ಅಷ್ಟರಲ್ಲಿ ಅತ್ತೆಯ ಕಡೆಯ ಹಿಡಿ ತಂತಿ ಸಮೇತ ಕಿತ್ತು ಅವರ ಕೈಗೇ ಬಂತು. ಬಾಣಲೆಯ ಆ ಮಗ್ಗುಲು ಕುಸಿಯಿತು. ಸೊಸೆ ತನ್ನ ಕಡೆಯದನ್ನು ಬಿಡದೆ ಮೇಲಕ್ಕೆಳೆದಳು. ಬಿಟ್ಟಿದ್ದರೆ ಇಡೀ ಬಾಣಲೆ ಅತ್ತೆಯ ಕಾಲ ಮೇಲೆ ಬೀಳುತ್ತಿತ್ತು. ಆದರೂ ಪಾಕ ಒಂದು ಅಲೆಯಂತೆ ಅಂಚು ದಾಟಿತು. ಬೀಳುವ ಬಾಣಲೆಯನ್ನು ತಡೆಯಲು ಅತ್ತೆ ಎಡಗೈ ಮುಂದೆ ಚಾಚಿದ್ದರು. ಮೊಣಕೈಯ ಕೆಳಗಿನಿಂದ ಬೆರಳ ಬುಡದವರೆಗೂ ಹೊನ್ನಿನ ಬಣ್ಣದ ಪಾಕ ಹರಿದು ಅಂಟಿಕೊಂಡಿತು.

ಸರಿಯಾಗಿ ಆ ಗಳಿಗೆಯಲ್ಲೇ ನಾದಿನಿ ಬಾಗಿಲಿಗೆ ಬಂದಿದ್ದಳು. ಅವಳಿಗೆ ಕಂಡದ್ದಿಷ್ಟು: ಅತ್ತಿಗೆಯ ಕೈಯಲ್ಲಿ ಬಾಣಲೆ ಮೇಲೆದ್ದಿದೆ, ಅದು ಅಮ್ಮನ ಕಡೆಗೆ ವಾಲಿದೆ, ಅಮ್ಮನ ಮೇಲೆ ಪಾಕ ಸುರಿಯುತ್ತಿದೆ.

ಅತ್ತೆ ತಕ್ಷಣ ಕಿರುಚಲಿಲ್ಲ. ಬಾಯಿ ತೆರೆದು ಗಾಳಿ ಎಳೆದುಕೊಂಡರು, ಆ ಗಾಳಿ ಒಳಗೇ ಸಿಕ್ಕಿಕೊಂಡಿತು. ಆಮೇಲೆ ಬಲಗೈಯಿಂದ ಅಂಟಿದ ಪಾಕವನ್ನು ಕೀಳಲು ಹೋದರು.

"ಕೀಳ್ಬೇಡಿ!"

ಆ ಮನೆಗೆ ಬಂದ ಮೇಲೆ ಸೊಸೆ ದನಿ ಎತ್ತಿದ್ದು ಅದೇ ಮೊದಲು. ಬಾಣಲೆಯನ್ನು ನೆಲಕ್ಕೆ ತಳ್ಳಿ, ಅತ್ತೆಯ ಬಲಗೈ ಹಿಡಿದಳು. "ಚರ್ಮ ಜೊತೇಲೇ ಬರುತ್ತೆ ಅತ್ತೆ, ಕೀಳ್ಬೇಡಿ, ಬನ್ನಿ, ಬನ್ನಿ!" ಎನ್ನುತ್ತಾ ಹಿಂದಿನ ಬಚ್ಚಲಿಗೆ ಎಳೆದುಕೊಂಡು ಹೊರಟಳು.

"ಡಬ್ಬಿ! ನನ್ನ ಡಬ್ಬಿ ತಾ!" ಅತ್ತೆಗೆ ಈಗ ದನಿ ಬಂದಿತ್ತು.

"ಅಮ್ಮಾ!" ನಾದಿನಿ ಕಪಾಟಿನತ್ತ ಜಿಗಿದಳು. ಅವಳ ಕೂಗಿಗೆ ಪಕ್ಕದ ಮನೆಯವರು ಆಗಲೇ ಅಂಗಳಕ್ಕೆ ನುಗ್ಗಿದ್ದರು. ಎಲ್ಲರೂ ಬರುತ್ತಾರೆ, ಎಲ್ಲರೂ ಒಂದೊಂದು ಬಳಿಯುತ್ತಾರೆ ಎನ್ನುವುದು ಸೊಸೆಗೆ ಹೊಳೆದದ್ದೇ ತಡ, ಅತ್ತೆಯನ್ನು ಒಳಗೆ ತಳ್ಳಿ ಬಚ್ಚಲಿನ ಚಿಲಕ ಹಾಕಿಬಿಟ್ಟಳು.

ಹಾಕಿದ ಮೇಲೆ ಅವಳಿಗೇ ಗಾಬರಿಯಾಯಿತು. ತಾನೇನು ಮಾಡಿಬಿಟ್ಟೆ?

ಅವಳಿಗೆ ಗೊತ್ತಿದ್ದದ್ದಾದರೂ ಎಷ್ಟು? ಕಾರ್ಖಾನೆಯಲ್ಲಿ ಒಮ್ಮೆ ಬೆಂಕಿ ಅನಾಹುತದ ಬಗ್ಗೆ ತರಬೇತಿ ಅಂತ ಅರ್ಧ ದಿನ ಕೂರಿಸಿದ್ದರು. ಬಿಸ್ಕತ್ತು, ಚಹಾ ಕೊಡುತ್ತಾರೆಂದು ಹೋದವಳು ಅರ್ಧಕ್ಕರ್ಧ ತೂಕಡಿಸಿದ್ದಳು. ತರಬೇತಿ ಕೊಡಲು ಬಂದ ಡೊಳ್ಳುಹೊಟ್ಟೆಯ ಮನುಷ್ಯ ಒಂದು ಮಾತಿಗೆ ಎಲ್ಲರನ್ನೂ ನಗಿಸಿದ್ದ: "ಸುಟ್ಟ ಗಾಯಕ್ಕೆ ಹಲ್ಲುಜ್ಜೋ ಪೇಸ್ಟ್ ಹಚ್ತೀರಾ? ಹಚ್ಚಿ, ಗಾಯಕ್ಕೆ ಹಲ್ಲು ಬಂದ ಮೇಲೆ ಹಚ್ಚಿ." ಆ ನಗುವಿಗೆ ಎಚ್ಚರವಾದದ್ದರಿಂದ ಮುಂದಿನ ನಾಲ್ಕು ಮಾತು ಕಿವಿಗೆ ಬಿದ್ದಿದ್ದವು. ತಣ್ಣೀರು ಹರಿಸಿ. ಉಂಗುರ, ಬಳೆ ಊದುವ ಮೊದಲೇ ತೆಗೆಯಿರಿ. ಏನೂ ಬಳಿಯಬೇಡಿ, ಅಂಟಿದ್ದನ್ನು ಕೀಳಬೇಡಿ. ಎಷ್ಟು ಹೊತ್ತು ನೀರು ಅಂದಿದ್ದ? ಹತ್ತು ನಿಮಿಷವೋ, ಇಪ್ಪತ್ತು ನಿಮಿಷವೋ? ಎಷ್ಟು ನೆನೆದರೂ ಆ ಒಂದು ಅಂಕಿ ಮಾತ್ರ ಬರಲೊಲ್ಲದು. ಎರಡರಲ್ಲಿ ದೊಡ್ಡದೇ ಇರಲಿ ಎಂದುಕೊಂಡು ನಲ್ಲಿ ತಿರುಗಿಸಿದಳು. ದಾರದಷ್ಟು ತೆಳ್ಳಗೆ ಬಂತು. ಡ್ರಮ್ಮಿನಲ್ಲಿ ಅರ್ಧಕ್ಕಿಂತ ಕಡಿಮೆ ನೀರಿತ್ತು. ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿ, ಅವರ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಮಗ್ಗಿನಿಂದ ಮೊಣಕೈ ಮೇಲೆ ಸುರಿಯತೊಡಗಿದಳು.

ನೀರು ಬಿದ್ದದ್ದೇ ಅತ್ತೆ ಚೀರಿದ ಚೀರಿಗೆ ಹೊರಗಿದ್ದವರ ಮಾತು ನಿಂತುಹೋಯಿತು.

"ನೀರು ಹಾಕ್ತಿದ್ದಾಳೆ! ಕೊಲ್ತಿದ್ದಾಳೆ ನನ್ನ! ಲೇ, ಬೊಬ್ಬೆ ಏಳುತ್ತೆ ಕಣೇ ಪಾಪಿ, ಬಿಡೇ!"

ಬಾಗಿಲ ಮೇಲೆ ಗುದ್ದು ಬಿತ್ತು. "ಅತ್ತಿಗೆ! ಬಾಗಿಲು ತೆಗಿ! ಸುರಿದದ್ದು ಸಾಲದೂಂತ ಒಳಗೆ ಬೇರೆ ಹಾಕ್ಕೊಂಡಿದ್ದೀಯ? ನಾನು ನೋಡ್ದೆ, ಕಣ್ಣಾರೆ ನೋಡ್ದೆ!"

ನೋಡಿದ್ದೇನು? ಒಂದು ಕ್ಷಣ ಮಗ್ಗು ಸೊಸೆಯ ಕೈಯಲ್ಲೇ ನಿಂತಿತು. ಮರುಕ್ಷಣ ಮತ್ತೆ ಸುರಿದಳು. ಅದನ್ನು ಯೋಚಿಸಲು ಆಮೇಲೆ ಬೇಕಾದಷ್ಟು ಸಮಯವಿತ್ತು.

ಬಚ್ಚಲಿನ ಗವಾಕ್ಷಿಯಿಂದ ಬೀದಿಯ ವೈದ್ಯವೆಲ್ಲ ಒಂದೊಂದಾಗಿ ಒಳಗೆ ಬಂತು. "ಮೊಟ್ಟೆ ಬಿಳಿ ಹಚ್ಚಿ, ಮೊಟ್ಟೆ ಬಿಳಿ!" "ಮೈದಾ ಹಿಟ್ಟು ಮೆತ್ತಿ, ಉರಿ ಎಳ್ಕೊಳುತ್ತೆ." "ಪೆನ್ನಿನ ಶಾಯಿ ಇದ್ರೆ ನೋಡಿ." "ಬೆಣ್ಣೆ." "ಐಸ್ ಇದೆ ನಮ್ಮನೇಲಿ, ತಂದ್ಕೊಡ್ಲಾ?" ಎದುರುಮನೆಯ ಮುದುಕನನ್ನು ಎಲ್ಲರೂ ಪೇಪರ್ ಮಾಮ ಎನ್ನುತ್ತಿದ್ದರು. ದಿನಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಬೀದಿಗೆ ಹಂಚುವುದು ಅವನ ಕೆಲಸ. ಅವನು ಗಂಟಲು ಸರಿಮಾಡಿಕೊಂಡು, "ಇಂಥ ಕೇಸುಗಳನ್ನ ದಿನಾ ಓದ್ತಾ ಇರ್ತೀನಿ. ಪೊಲೀಸಿಗೆ ಫೋನ್ ಮಾಡೋದೇ ಒಳ್ಳೇದು," ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಅತ್ತೆ ಎದ್ದು ಹೋಗಲು ನೋಡಿದರು. ಸೊಸೆ ಅವರ ಭುಜದ ಮೇಲೆ ತನ್ನ ಭಾರ ಹಾಕಿ ಕೂರಿಸಿದಳು. ಬಲಗೈಯಿಂದ ಅತ್ತೆ ಅವಳ ಬೆನ್ನಿಗೆ, ತಲೆಗೆ ಹೊಡೆದರು. ಅವಳು ತಲೆ ತಗ್ಗಿಸಿಕೊಂಡು ಸುರಿಯುತ್ತಲೇ ಹೋದಳು. ಗಟ್ಟಿಯಾಗಿ ಕೂತಿದ್ದ ಪಾಕದ ಹೆಪ್ಪು ಅಂಚಿನಲ್ಲಿ ಕರಗುತ್ತಾ, ಬಚ್ಚಲ ನೀರು ಅಂಟಂಟಾಗುತ್ತಿತ್ತು.

ಆಗ ಅವಳ ಕಣ್ಣು ಉಂಗುರದ ಮೇಲೆ ಬಿತ್ತು. ಬೆರಳು ಆಗಲೇ ಕೆಂಪಗೆ ಉಬ್ಬತೊಡಗಿತ್ತು.

"ಉಂಗುರ ತೆಗೀಬೇಕು ಅತ್ತೆ."

"ಅದನ್ನ ಮುಟ್ಟಿದ್ರೆ ನೋಡು!" ಅತ್ತೆಯ ದನಿ ಬದಲಾಯಿತು. ನೋವಿಗಿಂತ ಬೇರೆಯದೇ ಒಂದು ಹೆದರಿಕೆ ಅದರಲ್ಲಿತ್ತು. "ಅವರು ಹಾಕಿದ್ದು ಅದು. ಅವರು ಹೋದ ದಿನಾನೂ ತೆಗೆದಿಲ್ಲ ನಾನು."

"ಬೆರಳು ಊದಿಕೊಂಡ್ರೆ ರಕ್ತ ಓಡಲ್ಲ. ಆಮೇಲೆ ಉಂಗುರಾನೇ ಕತ್ತರಿಸ್ತಾರೆ, ಇಲ್ಲಾ ಬೆರಳು ಹೋಗುತ್ತೆ. ಯಾವುದು ಬೇಕು ಹೇಳಿ."

ಉತ್ತರಕ್ಕೆ ಕಾಯದೆ ಅವಳು ಸೋಪು ತೆಗೆದುಕೊಂಡಳು. ಉಂಗುರದ ಬೆರಳ ಗೆಣ್ಣಿನ ಮೇಲೆ ಪಾಕ ಬಿದ್ದಿರಲಿಲ್ಲ, ಅದೊಂದು ಪುಣ್ಯ. ನೊರೆ ಸವರಿ, ತಿರುಗಿಸಿ ತಿರುಗಿಸಿ ಎಳೆದಳು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅತ್ತೆ ಹಲ್ಲು ಕಚ್ಚಿ ಮುಖವನ್ನು ಸೊಸೆಯ ಭುಜಕ್ಕೆ ಒತ್ತಿದರು. ಇನ್ನೊಂದು ಸಲ ತಿರುಗಿಸಿದಾಗ ಜಾರಿ ಬಂತು. ಬಚ್ಚಲ ತೂಬಿಗೆ ಬಿದ್ದರೆ ಹೋಯಿತಲ್ಲ ಎಂದು ಅವಳು ಅದನ್ನು ತನ್ನ ಬೆರಳಿಗೇ ತೂರಿಸಿಕೊಂಡು, ಮತ್ತೆ ಮಗ್ಗು ಹಿಡಿದಳು.

ಹೊರಗೆ ಯಾರದೋ ಮನೆಯ ರೇಡಿಯೋದಲ್ಲಿ ಹಾಡು ಬರುತ್ತಿತ್ತು. ಗೋಡೆಯಲ್ಲಿ ಗಡಿಯಾರವಿಲ್ಲ, ಫೋನು ಅಡುಗೆಮನೆಯಲ್ಲಿ. ಒಂದು ಹಾಡಿಗೆ ಐದು ನಿಮಿಷ ಅಂತ ಇಟ್ಟುಕೊಂಡರೂ ನಾಲ್ಕು ಹಾಡು ಮುಗಿಯಬೇಕು ಎಂದು ಅವಳು ಲೆಕ್ಕ ಹಾಕಿದಳು. ಎರಡನೆಯದು ಇನ್ನೂ ಶುರುವಾಗಿತ್ತಷ್ಟೆ.

ಅತ್ತೆ ನಡುಗತೊಡಗಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದವು. ವಯಸ್ಸಾದ ಜೀವ, ಇಷ್ಟು ನೀರು, ಏನಾದರೂ ಹೆಚ್ಚುಕಡಿಮೆಯಾದರೆ? ಸೊಸೆ ಮೊಳೆಗೆ ನೇತು ಹಾಕಿದ್ದ ಟವೆಲ್ ಎಳೆದು ಅವರ ಬೆನ್ನಿಗೆ ಹೊದಿಸಿ, ಕಂಕುಳಲ್ಲಿ ಅವುಚಿಕೊಂಡಳು. ಸುಟ್ಟ ಕೈಯೊಂದನ್ನು ಬಿಟ್ಟು ಬೇರೆಲ್ಲೂ ನೀರು ಬೀಳದಂತೆ ನೋಡಿಕೊಂಡಳು.

"ಯಾಕೆ ಹಿಂಗೆ ಮಾಡ್ತಿದ್ದೀಯ?" ಅತ್ತೆ ಈಗ ಕೂಗುತ್ತಿರಲಿಲ್ಲ, ಮಗುವಿನಂತೆ ಕೇಳುತ್ತಿದ್ದರು. "ನಿನಗೆ ನಾನೇನು ಮಾಡಿದ್ದೆ?"

ತರಬೇತಿಯ ಕಥೆ ಹೇಳಿದರೆ ನಂಬುವವರಲ್ಲ. ಅಷ್ಟರಲ್ಲಿ ಕರಗಿದ ಪಾಕದ ಎಳೆಯೊಂದು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಅತ್ತೆ, ಹದ ನೋಡೋವಾಗ ಪಾಕಾನ ಬಟ್ಟಲ ನೀರಿಗೆ ಬಿಡ್ತೀರಲ್ಲ, ಯಾಕೆ?"

"ಥೂ, ಈಗ ಅದನ್ನ ಕೇಳ್ತೀಯಾ?"

"ಹೇಳಿ. ಎಣ್ಣೆಗೆ ಯಾಕೆ ಬಿಡಲ್ಲ?"

"ಎಣ್ಣೇಲಿ ಎಲ್ಲಿ ಆರುತ್ತೆ? ನೀರಲ್ಲಾದ್ರೆ ಬಿಸಿ ಎಳ್ಕೊಳುತ್ತೆ." ಹೇಳಿ ಮುಗಿಸುವಷ್ಟರಲ್ಲಿ ಅತ್ತೆಗೇ ಏನೋ ಅನ್ನಿಸಿತೇನೋ, ತಮ್ಮ ಕೈಯ ಕಡೆ ನೋಡಿದರು.

"ನಿಮ್ಮ ಕೈಯೊಳಗೆ ಇನ್ನೂ ಬಿಸಿ ಇದೆ ಅತ್ತೆ. ಮೇಲೆ ಎಣ್ಣೆ ಹಚ್ಚಿದ್ರೆ ಒಳಗಡೇನೇ ಬೇಯುತ್ತೆ."

ಅತ್ತೆ ಒಪ್ಪಿದರೆಂದಲ್ಲ, ಹೊಡೆಯುವುದನ್ನು ನಿಲ್ಲಿಸಿದರು. ಹೊರಗೆ ಬಾಗಿಲಿಗೆ ಭುಜ ಕೊಟ್ಟು ನೂಕುವ ಸದ್ದು ಬರುತ್ತಿತ್ತು. ಚಿಲಕದ ಒಂದು ಸ್ಕ್ರೂ ಆಗಲೇ ಅರ್ಧ ಹೊರಬಂದಿತ್ತು.

ಮೂರನೆಯ ಹಾಡಿನ ನಡುವೆ ಮಗ್ಗು ಡ್ರಮ್ಮಿನ ತಳಕ್ಕೆ ತಾಗಿ ಸದ್ದು ಮಾಡಿತು. ಸೊಸೆ ಡ್ರಮ್ಮನ್ನು ಓರೆ ಮಾಡಿ ಬಳಿದಳು. ಇನ್ನೆರಡು ಮಗ್ಗು. ಆಮೇಲೆ ನಲ್ಲಿಯ ದಾರ ಮಾತ್ರ, ಅದೂ ಈಗ ತೊಟ್ಟಿಕ್ಕುತ್ತಿತ್ತು.

ನೀರು ನಿಂತ ಸ್ವಲ್ಪ ಹೊತ್ತಿಗೆ ಅತ್ತೆ "ಹಾ" ಎಂದರು. "ಉರಿ... ಉರಿ ಮತ್ತೆ ಬಂತು. ಹಾಕೇ."

"ನೀರಿಲ್ಲ ಅತ್ತೆ."

"ಹಾಕು ಅಂದ್ರೆ!"

ನೀರು ಬೇಕೆಂದರೆ ಬಾಗಿಲು ತೆಗೆಯಬೇಕು. ತೆಗೆದರೆ ತನ್ನನ್ನು ಆಚೆಗೆಳೆದು ಅತ್ತೆಯ ಕೈಗೆ ಸಿಕ್ಕಿದ್ದನ್ನೆಲ್ಲ ಮೆತ್ತುತ್ತಾರೆ. ಸೊಸೆ ಒಮ್ಮೆ ಅತ್ತೆಯ ಮುಖ ನೋಡಿ ಚಿಲಕ ತೆಗೆದಳು.

ನಾದಿನಿ ಒಂದು ಕೈಯಲ್ಲಿ ಬಿಳಿ ಡಬ್ಬಿ, ಇನ್ನೊಂದರಲ್ಲಿ ಪೇಸ್ಟಿನ ಟ್ಯೂಬು ಹಿಡಿದು ನಿಂತಿದ್ದಳು. ಕೂದಲು ಕೆದರಿತ್ತು, ಅತ್ತೂ ಅತ್ತೂ ಮುಖ ಊದಿತ್ತು. ಅವಳ ಹಿಂದೆ ನಾಲ್ಕೈದು ತಲೆಗಳು. ಅವಳ ಕಣ್ಣು ಮೊದಲು ಅಮ್ಮನ ಕೈಗೆ ಹೋಯಿತು, ಅಲ್ಲಿಂದ ಅತ್ತಿಗೆಯ ಬೆರಳಿಗೆ.

"ಉಂಗುರಾನೂ ಹಾಕ್ಕೊಂಡ್ಯಾ?" ಪಿಸುಮಾತಿನಂತೆ ಬಂತು ಆ ಮಾತು. ಗುದ್ದಿದ್ದಕ್ಕಿಂತ ಅದೇ ಹೆಚ್ಚು ತಾಗಿತು.

"ಬೈಯೋದನ್ನ ಆಮೇಲೆ ಬೈ. ಮೊದಲು ಒಂದು ಕೊಡ ನೀರು ತಾ."

"ಸರಿ ಆಚೆಗೆ. ಅಮ್ಮಾ, ಬಾ, ಮುಲಾಮು ಹಚ್ತೀನಿ..."

"ನೀರು ತಾರೇ!" ಅತ್ತೆ ಗುಡುಗಿದರು. "ಕಿವಿ ಕೇಳಲ್ವಾ ನಿಂಗೆ? ಅವಳು ನೀರು ಹಾಕಿದಾಗ ತಡ್ಕೋಬಹುದು, ನಿಲ್ಲಿಸಿದ್ರೆ ಪ್ರಾಣ ಹೋಗುತ್ತೆ. ಡಬ್ಬಿ ಅಲ್ಲಿಡು. ನೀರು ತಗೊಂಡ್ಬಾ!"

ನಾದಿನಿ ಡಬ್ಬಿ ಮತ್ತು ಟ್ಯೂಬನ್ನು ಯಾರ ಕೈಗೋ ತುರುಕಿ ಓಡಿದಳು. ಒಂದು ಕೊಡ ತಂದಳು, ಮತ್ತೊಂದು ತಂದಳು. ಪೇಪರ್ ಮಾಮನೂ ಒಂದು ಬಕೆಟ್ ಹೊತ್ತು ತಂದ, ಅರ್ಧ ದಾರಿಯಲ್ಲೇ ಚೆಲ್ಲಿತ್ತು. ಐಸ್ ತಂದವಳನ್ನು ಸೊಸೆ, "ಅದು ಬೇಡಮ್ಮ, ಐಸ್ ಇಟ್ರೆ ಚರ್ಮ ಇನ್ನೂ ಹಾಳಾಗುತ್ತಂತೆ," ಎಂದು ಹಿಂದೆ ಕಳಿಸಿದಳು. ನಾದಿನಿ ಅತ್ತಿಗೆಯ ಮುಖ ನೋಡದೆ ಸುರಿಯುವುದಕ್ಕೆ ಕೈ ಹಾಕಿದಳು. ಒಬ್ಬಳ ಕೈ ಸೋತಾಗ ಇನ್ನೊಬ್ಬಳು ಮಗ್ಗು ಹಿಡಿದಳು. ನಾಲ್ಕನೆಯ ಹಾಡು ಮುಗಿದು ಯಾವುದೋ ಜಾಹೀರಾತು ಬರುವ ಹೊತ್ತಿಗೆ ಪಾಕವೆಲ್ಲ ಕರಗಿಹೋಗಿ, ಕೈ ತನ್ನ ನಿಜರೂಪ ತೋರಿಸಿತು. ಹೆಚ್ಚಿನ ಭಾಗ ಕಡುಗೆಂಪು. ಅಲ್ಲಲ್ಲಿ ಬೊಬ್ಬೆ. ಮಣಿಕಟ್ಟಿನ ಮೇಲೆ ಅಂಗೈಯಷ್ಟು ಜಾಗ ಬಿಳಿಚಿಕೊಂಡು ಮೇಣದಂತಿತ್ತು.

"ನೋಡು, ಬೊಬ್ಬೆ ಎದ್ದೇಬಿಟ್ಟಿತು," ಎಂದಳು ನಾದಿನಿ ಕಹಿಯಾಗಿ.

ಬೊಬ್ಬೆ ನೀರಿನಿಂದಲೋ ಪಾಕದಿಂದಲೋ ಎಂದು ವಾದಿಸುವ ತ್ರಾಣ ಸೊಸೆಯಲ್ಲಿರಲಿಲ್ಲ. ಮಿಠಾಯಿ ಸುತ್ತಲು ತಂದಿದ್ದ ತೆಳು ಪ್ಲಾಸ್ಟಿಕ್ಕಿನ ಹೊಸ ಸುರುಳಿ ಬಿಚ್ಚಿ, ಮೇಲಿನ ಒಂದೆರಡು ಸುತ್ತು ಎಸೆದು, ಒಳಗಿನ ಹಾಳೆಯನ್ನು ಬಿಗಿಯದೆ ಕೈಯ ಮೇಲೆ ಉದ್ದಕ್ಕೆ ಹಾಸಿದಳು. ಅತ್ತೆಗೆ ಒಣ ಸೀರೆ ಸುತ್ತಿ, ಕಂಬಳಿ ಹೊದಿಸಿ, ಯಾರೋ ಕರೆತಂದ ಆಟೋದಲ್ಲಿ ಕೂರಿಸಿದರು.

ಆಸ್ಪತ್ರೆಯ ದಾರಿಯಲ್ಲಿ ನಾದಿನಿ ಅಣ್ಣನಿಗೆ ಫೋನು ಮಾಡಿದಳು. ತಾನು ಕಂಡದ್ದನ್ನು ಕಂಡಂತೆಯೇ ಹೇಳಿದಳು. ಉಪ್ಪುಖಾರ ಹಚ್ಚುವ ಅಗತ್ಯವೇ ಇರಲಿಲ್ಲ. ಆಮೇಲೆ ಫೋನನ್ನು ಅತ್ತಿಗೆಯ ಮುಂದೆ ಹಿಡಿದಳು.

"ಏನು ಮಾಡ್ದೆ ನೀನು?" ಎಂದ ಗಂಡ.

ಏನಾಯ್ತು ಎಂದು ಅವನು ಕೇಳಲಿಲ್ಲ. ಲಾರಿಯ ಇಂಜಿನ್ ಸದ್ದಿನ ನಡುವೆ ಆ ಪ್ರಶ್ನೆ ಸೊಸೆಯ ಕಿವಿಗೆ ಬಿದ್ದು ಅಲ್ಲೇ ಕೂತಿತು. "ಆಸ್ಪತ್ರೆಗೆ ಹೋಗ್ತಿದ್ದೀವಿ, ಆಮೇಲೆ ಮಾತಾಡ್ತೀನಿ," ಎಂದಷ್ಟೇ ಹೇಳಿ ಫೋನು ವಾಪಸ್ ಕೊಟ್ಟಳು. ಅತ್ತೆ ಕಣ್ಣುಮುಚ್ಚಿ ಕೂತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಗಿಡ್ಡ ಕೂದಲಿನ ನರ್ಸ್ ಒಬ್ಬಳು ಅತ್ತೆಯನ್ನು ಪರದೆಯ ಹಿಂದಿನ ಮಂಚಕ್ಕೆ ಕರೆದೊಯ್ದಳು. ಪ್ಲಾಸ್ಟಿಕ್ ಹಾಳೆ ತೆಗೆದು ನೋಡಿ, ನೋವಿಗೆ ಇಂಜೆಕ್ಷನ್ ಕೊಟ್ಟಳು. ಆಮೇಲೆ ಸೊಸೆಯ ಮುಖವನ್ನೂ ನಾದಿನಿಯ ಮುಖವನ್ನೂ ಒಮ್ಮೊಮ್ಮೆ ನೋಡಿದಳು. ಅವಳಿಗೆ ಇಂಥ ಮುಖಗಳು ಹೊಸದಲ್ಲ.

"ನೀವಿಬ್ಬರೂ ಸ್ವಲ್ಪ ಆಚೆ ಇರಿ."

ಪರದೆ ಎಳೆದಳು. ಬಟ್ಟೆಯ ಪರದೆ, ಮಾತು ದಾಟದೆ ಇರುತ್ತದೆಯೇ? ಸೊಸೆ ಗೋಡೆಗೆ ಒರಗಿದಳು. ನಾದಿನಿ ಬೆಂಚಿನ ಅಂಚಿನಲ್ಲಿ ಕೂತಳು.

"ಅಮ್ಮಾ, ಇದು ಹೇಗಾಯ್ತು? ಯಾರಾದ್ರೂ ಬೇಕೂಂತ ಮಾಡಿದ್ದಾ? ಇಲ್ಲಿ ನಾನೊಬ್ಬಳೇ ಇದ್ದೀನಿ, ಹೆದರದೆ ಹೇಳಿ."

ಒಳಗಿಂದ ಉತ್ತರ ಬರಲಿಲ್ಲ. ಸೊಸೆ ಪರದೆಯತ್ತ ಕಿವಿಗೊಟ್ಟಳು. ಅತ್ತೆ ಆ ಗಳಿಗೆಯಲ್ಲಿ ಕಂಡದ್ದೇನು? ತನ್ನ ಕೈಯಲ್ಲಿ ಎತ್ತಿ ಹಿಡಿದ ಬಾಣಲೆ, ತಮ್ಮ ಮೇಲೆ ಬರುತ್ತಿದ್ದ ಪಾಕ. ಮಗಳಿಗೆ ಕಂಡಂತೆಯೇ ಅವರಿಗೂ ಕಂಡಿದ್ದರೆ? ಬಚ್ಚಲಲ್ಲಿ ಭುಜ ಒತ್ತಿ ಕೂರಿಸಿದ್ದು, ಉಂಗುರ ಕಿತ್ತದ್ದು, ಎಲ್ಲ ಸೇರಿಸಿ ಒಂದು ಮಾತು ಹೇಳಿದರೆ ಸಾಕಿತ್ತು. ತನ್ನ ಕಡೆ ಸಾಕ್ಷಿ ಹೇಳಲು ಯಾರಿದ್ದರು?

"ಪಾಕ ಇಳಿಸ್ತಿದ್ವಿ," ಎಂದರು ಅತ್ತೆ ಕೊನೆಗೆ. ದನಿ ಕ್ಷೀಣವಾಗಿತ್ತು. "ಬಾಣಲೆ ಹಿಡಿ ಕಿತ್ಕೊಂಡು ಬಂತು."

"ಯಾರು ಹಿಡಿದಿದ್ದ ಕಡೆದು?"

"ನನ್ನ ಕಡೆದೇ. ಸಡಿಲ ಆಗಿತ್ತು. ರಿಪೇರಿ ಮಾಡ್ಸೋಣ ಅಂತ ಅವಳು ಬಡ್ಕೋತಾನೇ ಇದ್ಲು. ನಾನೇ ತಂತಿ ಸುತ್ತಿ ಇಟ್ಟಿದ್ದೆ. ಅವಳು ಆ ಕಡೆ ಬಿಟ್ಟಿದ್ರೆ ಪೂರ್ತಿ ನನ್ನ ಕಾಲ ಮೇಲೇ ಬೀಳ್ತಿತ್ತು." ದನಿಗೆ ಹಳೆಯ ಕಸುವು ತಂದುಕೊಂಡು ಮುಂದುವರಿಸಿದರು. "ಆದ್ರೆ ಇದನ್ನ ಬೇಕಾದ್ರೆ ಬರ್ಕೊಳಮ್ಮ. ನನ್ನ ಬಚ್ಚಲಲ್ಲಿ ಕೂಡಿ ಹಾಕಿ, ಹೆಗಲ ಮೇಲೆ ಹತ್ತಿ ಕೂತು, ನೀರು ಸುರಿದ್ಲು ನೋಡು! ಜುಟ್ಟು ಹಿಡಿಯೋದೊಂದು ಬಾಕಿ ಇತ್ತು."

"ಎಷ್ಟು ಹೊತ್ತು ಸುರಿದ್ರು?"

"ನನ್ನ ಪ್ರಾಣ ಹೋಗೋವಷ್ಟು ಹೊತ್ತು."

"ಇಪ್ಪತ್ತು ನಿಮಿಷ ಆಗಿರ್ಬಹುದಾ?"

"ಆಗಿರ್ಬಹುದು."

"ಒಳ್ಳೇದಾಯ್ತು," ಎಂದಳು ನರ್ಸ್.

ಸೊಸೆ ಗೋಡೆ ಹಿಡಿದುಕೊಂಡೇ ಕೆಳಗೆ ಕುಸಿದು ಕೂತಳು. ಅಷ್ಟು ಹೊತ್ತೂ ಬಾರದಿದ್ದ ಅಳು ಒಮ್ಮೆಲೇ ಬಂತು. ನಾದಿನಿ ಬೆಂಚಿನಿಂದ ಏಳಲಿಲ್ಲ. ನೆಲ ನೋಡುತ್ತಾ, "ನನಗೆ ಹಾಗೇ ಕಾಣ್ತು," ಎಂದಳು. ಕ್ಷಮೆ ಕೇಳಿದ್ದೋ ಸಮಜಾಯಿಷಿ ಕೊಟ್ಟದ್ದೋ ಹೇಳುವುದು ಕಷ್ಟ. ಸೊಸೆ ತನ್ನ ಬೆರಳಿನಿಂದ ಉಂಗುರ ತೆಗೆದು ಅವಳ ಕೈಗಿಟ್ಟಳು.

ಕೈಯ ಹೆಚ್ಚಿನ ಭಾಗ ಬೇಗನೇ ಮಾಯಿತು. ಮಣಿಕಟ್ಟಿನ ಮೇಲಿನ ಬಿಳಿಚಿದ ಜಾಗ ಮಾತ್ರ ಬಹಳ ದಿನ ಕಾಡಿತು. ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ಹೋಗಬೇಕಿತ್ತು. ಹೋಗುವಾಗ ಬರುವಾಗ ಅತ್ತೆ ಡಾಕ್ಟರನ್ನು ಬೈಯುವುದು, ಸೊಸೆ ಹೂಂಗುಟ್ಟುವುದು. ಗಂಡ ಮೂಟೆ ಹಣ್ಣು ಹೊತ್ತು ಬಂದವನು, ಅಮ್ಮನ ಮುಂದೆ ಕೂತು ಎಲ್ಲ ಕೇಳಿ, ಹೆಂಡತಿಯ ಮುಖ ನೋಡಲಾಗದೆ ಬಾಣಲೆಯನ್ನು ತಾನೇ ಹೊತ್ತು ಬೆಸುಗೆಯವನ ಹತ್ತಿರ ಹೋದ. ಅವನು ಕೇಳಿದ ಪ್ರಶ್ನೆಯನ್ನು ಸೊಸೆ ಎತ್ತಲಿಲ್ಲ. ಮರೆಯಲೂ ಇಲ್ಲ.

ಬೀದಿಯವರಿಗೆ ಮುಲಾಮಿನಮ್ಮನ ಕೈಗೆ ಆಸ್ಪತ್ರೆಯ ಪಟ್ಟಿ ಎನ್ನುವುದೇ ಕೆಲವು ದಿನ ನಗೆಯ ಮಾತಾಯಿತು. ಒಂದು ಸಂಜೆ ಎದುರುಮನೆಯಾಕೆ ಎಣ್ಣೆ ಸಿಡಿದ ಬೆರಳು ಹಿಡಿದು ಬಂದಾಗ ಅತ್ತೆ ಡಬ್ಬಿಯ ಕಡೆ ನೋಡದೆ, "ಹೋಗಿ ನಲ್ಲಿ ಕೆಳಗೆ ಹಿಡಿ, ಸಾಕು ಅನ್ಸಿದ್ರೂ ತೆಗೀಬೇಡ," ಎಂದರು. ಅವಳು ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು. "ಏನು ನೋಡ್ತೀಯ? ಹೋಗು!" ಎಂದು ಗದರಿದರು.

ಪಟ್ಟಿ ಬಿಚ್ಚಿದ ಮೇಲೂ ಅತ್ತೆ ಒಲೆಯ ಹತ್ತಿರ ಬರಲಿಲ್ಲ. ಮೊದಲು ಮಂಡಿ ನೋವೆಂದರು. ಆಮೇಲೆ ಹೊಗೆಗೆ ಕೆಮ್ಮು ಬರುತ್ತದೆ ಎಂದರು. ಗ್ಯಾಸ್ ಒಲೆಯಲ್ಲಿ ಯಾವ ಹೊಗೆ ಎಂದು ಸೊಸೆ ಕೇಳಲಿಲ್ಲ. ಸಕ್ಕರೆ ಕುದಿಯುವ ಸದ್ದು ಕೇಳಿದಾಗ ಅತ್ತೆ ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುವುದನ್ನು ಅವಳು ನೋಡಿದ್ದಳು.

ಶಾಲೆಗಳು ಶುರುವಾಗುವ ಹೊತ್ತಿಗೆ ಅಂಗಡಿಯವರು ಮಿಠಾಯಿ ಬೇಕೆಂದು ಒಂದೇ ಸಮನೆ ಕೇಳತೊಡಗಿದರು. ಒಂದು ಬೆಳಿಗ್ಗೆ ಸೊಸೆ ತಾನೇ ಒಲೆ ಹಚ್ಚಿದಳು. ಕರೆಯದಿದ್ದರೂ ನಾದಿನಿ ಬಂದು ಕಲ್ಲುಹಾಸಿಗೆ ಎಣ್ಣೆ ಸವರುತ್ತಾ ನಿಂತಳು. ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಅತ್ತೆ ಹೊಸ್ತಿಲಾಚೆ ಕುರ್ಚಿ ಹಾಕಿಸಿಕೊಂಡು, ಬೆನ್ನು ಈ ಕಡೆ ಮಾಡಿ ಕೂತರು.

"ಉರಿ ತಗ್ಗಿಸು. ವಾಸನೆ ಬೇಗ ಏರ್ತಾ ಇದೆ," ಅಲ್ಲಿಂದಲೇ ಹೇಳಿದರು.

ಸೊಸೆ ಉರಿ ತಗ್ಗಿಸಿದಳು. ಪಾಕ ಮೊದಲು ದೊಡ್ಡ ಗುಳ್ಳೆಗಳಲ್ಲಿ ಕುದಿಯಿತು, ಆಮೇಲೆ ಸಣ್ಣಗೆ, ದಪ್ಪಗೆ. ಅದನ್ನು ಇಳಿಸಬೇಕಾದ ಹೊತ್ತು ಹತ್ತಿರವಾದಂತೆ ಅವಳು ಬಟ್ಟೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಬಾಣಲೆಯನ್ನು ಎತ್ತುವುದಕ್ಕೆ ಮಾತ್ರ ಕೈ ಏಳಲೊಲ್ಲದು. ನಾದಿನಿ ಅದನ್ನು ಗಮನಿಸಿ ಉದ್ದ ಹಿಡಿಯ ಸೌಟೊಂದನ್ನು ತಂದು ಕೊಟ್ಟಳು.

"ಎತ್ತೋದು ಬೇಡ. ಸೌಟಲ್ಲೇ ಹೊಯ್ಯೋಣ. ತಡ ಆದ್ರೆ ಆಗ್ಲಿ."

ಒಂದೊಂದೇ ಸೌಟು ಹೊಯ್ದರು. ಅರ್ಧ ಪಾಕ ಬಾಣಲೆಯಲ್ಲೇ ಬಿಗಿದುಕೊಂಡು ವ್ಯರ್ಥವಾಯಿತು. ಕೊನೆಯ ಸೌಟು ಕಲ್ಲಿಗೆ ಬಿದ್ದು, ಒಲೆ ಆರಿದ ಮೇಲೆ ಅತ್ತೆ ಎದ್ದು ಒಳಗೆ ಬಂದರು. ಆರಿದ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಹದ ಮೀರಿದೆ. ಕಹಿ ಬಂದಿದೆ," ಎಂದರು.

ಸೊಸೆ ಬೆವರು ಒರೆಸಿಕೊಂಡಳು. ನಾದಿನಿ ಕೈ ತೊಳೆಯಲು ಹಿಂದೆ ಹೋದಳು. ಅವಳು ಹೋದದ್ದನ್ನು ನೋಡಿಕೊಂಡು, ಅತ್ತೆ ದನಿ ತಗ್ಗಿಸಿದರು.

"ನನಗೆ ಇದರ ಹತ್ರ ಬರೋಕೆ ಹೆದರಿಕೆ ಆಗುತ್ತೆ ಕಣೇ."

"ನನಗೂ ಅಷ್ಟೇ ಅತ್ತೆ."

ಅತ್ತೆ ಅವಳನ್ನೊಮ್ಮೆ ನೋಡಿ, ಗುಲಾಬಿ ಬಣ್ಣಕ್ಕೆ ತಿರುಗಿದ್ದ ಕೈಯಿಂದ ಸ್ಟೂಲು ಎಳೆದುಕೊಂಡು ಕಲ್ಲುಹಾಸಿನ ಪಕ್ಕ ಕೂತರು. ಇಬ್ಬರೂ ಮಿಠಾಯಿ ಕತ್ತರಿಸತೊಡಗಿದರು.